ಆರು ಎಂಟಾದ ಹಾಳೆಗಳು

ಒದ್ದೆ ಬಟ್ಟೆಯ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಕೂತ ಕ್ಷಣ ಏಳುವ ವಾಸನೆಯೊಂದಿದೆ. ಅದರಲ್ಲಿ ಗಂಜಿಯಿದೆ, ಕೆಂಡವಿದೆ, ಬಿಸಿಯಾದ ಹತ್ತಿಯಿದೆ. ಅವಳ ಬಾಲ್ಯವೆಲ್ಲ ಆ ವಾಸನೆಯೊಳಗೇ ಕಳೆದದ್ದು. ಬೀದಿಯ ತಿರುವಿನಲ್ಲಿ ಅಪ್ಪನ ಇಸ್ತ್ರಿ ಅಂಗಡಿ. ಮೇಜಿನ ಕೆಳಗೆ ಅವಳು, ಅವಳ ಪಾಠದ ಪುಸ್ತಕ. ಮೇಲೆ ಅಪ್ಪ ಹಾಸಿದ್ದು ಪರದೆಯೋ ಅಂಗಿಯೋ ಎಂಬುದನ್ನು ಮೂಗಿನಿಂದಲೇ ಹೇಳಿಬಿಡುತ್ತಿದ್ದಳು. ಒಂದೇ ಒಂದು ಕಪಾಟಿನಲ್ಲಿ ಅಪ್ಪ ಇಪ್ಪತ್ತು ಮನೆಗಳ ಬಟ್ಟೆ ಹಿಡಿಸುತ್ತಿದ್ದರು.

ಐವತ್ತೆರಡರ ವಯಸ್ಸಿನಲ್ಲಿ ಅವಳು ಮಾಡುತ್ತಿದ್ದುದೂ ಹೆಚ್ಚುಕಡಿಮೆ ಅದೇ ಕೆಲಸ. ಸೈಕಲ್ ರಿಪೇರಿ ಅಂಗಡಿಯ ಮೇಲೆ ಎರಡು ಕೋಣೆಗಳ ಕಚೇರಿ. ಒಳಕೋಣೆಯಲ್ಲಿ ಸರ್ವರ್‌ಗಳು ಒಂದೇ ಸಮನೆ ಗುಂಯ್‌ಗುಡುತ್ತಿದ್ದವು. ಶಾಲೆ, ಗ್ರಂಥಾಲಯ, ಹೊಲಿಗೆ ಅಂಗಡಿ, ಹಾಡುಗಾರರ ಗುಂಪು ಎಂದು ನೂರೆಂಟು ಜನರ ವೆಬ್‌ಸೈಟುಗಳಿಗೆ ಅಲ್ಲೇ ಮನೆ. ಅವಕ್ಕೆ ಜಾಗ ಹೊಂದಿಸುವುದು, ಅವು ಬೇಗ ತೆರೆದುಕೊಳ್ಳುವಂತೆ ನೋಡಿಕೊಳ್ಳುವುದು ಅವಳ ಪಾಲಿನ ಕೆಲಸ. ಯಾರಾದರೂ ಗಿರಾಕಿ ಬಂದು "ಈ ಕಂಪ್ರೆಶನ್ ಅಂದ್ರೆ ಏನ್ರೀ?" ಎಂದು ಕೇಳಿದರೆ, "ಕಳಿಸೋವಾಗ ಮಡಚೋದು, ತಲುಪಿದ ಕಡೆ ಬಿಚ್ಚೋದು. ಗಂಟು ಚಿಕ್ಕದಾದ್ರೆ ಹೊತ್ತು ತರೋನೂ ಬೇಗ ಬರ್ತಾನೆ, ಕಪಾಟಲ್ಲೂ ಜಾಗ ಉಳಿಯುತ್ತೆ" ಎನ್ನುತ್ತಿದ್ದಳು. ಜೊತೆಗೆ ಅಪ್ಪನ ಅಂಗಡಿಯ ಕತೆಯೂ ಬರುತ್ತಿತ್ತು. ಹೀಗಾಗಿ ಕಚೇರಿಯಲ್ಲಿ ಅವಳಿಗೆ ಇಸ್ತ್ರಿಯಕ್ಕ ಎಂಬ ಹೆಸರೇ ನಿಂತುಹೋಗಿತ್ತು. ಆ ಹೆಸರಿಟ್ಟವನು ಜೊತೆಯ ತಂತ್ರಜ್ಞ. ಮೂವತ್ತೈದು ದಾಟಿದರೂ ಮೆಟ್ಟಿಲನ್ನು ಎರಡೆರಡಾಗಿ ಹಾರುವ ಅವನಿಗೆ ಅವಳು ಗಡಿಬಿಡಿ ಎಂದು ಹೆಸರಿಟ್ಟು ಸೇಡು ತೀರಿಸಿಕೊಂಡಿದ್ದಳು.

ಆ ಮಂಗಳವಾರ ಬೆಳಗ್ಗೆ ಒಂಬತ್ತೂವರೆಗೆ ಅಕ್ಕನ ಮಗಳ ಫೋನ್ ಬಂತು. ಅವಳು ದೂರದ ಒಂದು ಆರೋಗ್ಯ ಕೇಂದ್ರದಲ್ಲಿ ನರ್ಸ್.

"ಚಿಕ್ಕಮ್ಮಾ, ನಿನ್ನ ಕೈಗೆ ಚಿನ್ನದ ಬಳೆ ತೊಡಿಸ್ಬೇಕು! ಔಷಧಿ ಪಟ್ಟಿ ಈಗ ಚಿಟಿಕೆ ಹೊಡೆಯೋಷ್ಟರಲ್ಲಿ ತೆರೆಯುತ್ತೆ. ಮೊದಲು ಒಂದು ಹಾಳೆ ಬರೋದ್ರೊಳಗೆ ನಾನು ಕೈ ತೊಳೆದು, ಸಿರಿಂಜು ಸಿದ್ಧ ಮಾಡಿ, ಬೇಜಾರಾಗಿ ಇನ್ನೊಂದ್ಸಲ ಕೈ ತೊಳೀತಿದ್ದೆ."

ಇಸ್ತ್ರಿಯಕ್ಕನಿಗೆ ಹಿಗ್ಗಾಯಿತು. ಆ ಪಟ್ಟಿ ನರ್ಸ್‌ಗಳ ಸಂಘದ ವೆಬ್‌ಸೈಟಿನಲ್ಲಿತ್ತು. ಯಾವ ತೂಕದ ಮಗುವಿಗೆ ಯಾವ ಔಷಧಿ ಎಷ್ಟು ಎಂದು ಹೇಳುವ ನಾನೂರ ಹನ್ನೆರಡು ಹಾಳೆ. ನಿವೃತ್ತ ಮುಖ್ಯ ನರ್ಸ್ ಒಬ್ಬರು ಇಪ್ಪತ್ತು ವರ್ಷ ಕೂತು ಟೈಪ್‌ರೈಟರಿನಲ್ಲಿ ಕುಟ್ಟಿದ್ದು. ಅವರನ್ನು ಎಲ್ಲರೂ ಕರೆಯುತ್ತಿದ್ದುದು ದೊಡ್ಡ ಸಿಸ್ಟರ್ ಎಂದು. ವೈದ್ಯರು ವಾರಕ್ಕೊಮ್ಮೆ ಬಂದುಹೋಗುವ ನಲವತ್ತಮೂರು ಸಣ್ಣ ಕೇಂದ್ರಗಳು ಆ ಪಟ್ಟಿಯನ್ನು ಮೊಬೈಲಿನಲ್ಲಿ ತೆರೆದು ನೋಡುತ್ತಿದ್ದವು. ಸ್ಕ್ಯಾನ್ ಮಾಡಿದ ಹಾಳೆಗಳು ಆನೆಗಾತ್ರ. ಸಿಗ್ನಲ್ ಸೊರಗಿದ ಕಡೆ ಒಂದೊಂದು ತೆರೆಯಲು ನಿಮಿಷಗಟ್ಟಲೆ ಬೇಕಿತ್ತು. ಇತ್ತ ಸರ್ವರ್ ಡಿಸ್ಕೂ ತುಂಬಿ ತುಳುಕುತ್ತಿತ್ತು. ಹೋದ ವಾರದ ಸೋಮವಾರ ಅವಳು ಪಟ್ಟು ಹಿಡಿದು ಕೂತು ಎಲ್ಲ ಹಾಳೆಗಳನ್ನೂ ಒತ್ತಿ ಕುಗ್ಗಿಸಿದ್ದಳು. ಮೊದಲು ಹತ್ತು ಹಾಳೆ ಕೂರುತ್ತಿದ್ದ ಜಾಗದಲ್ಲಿ ನಾನೂರ ಹನ್ನೆರಡೂ ಕೂತು ಕಾಲು ಚಾಚಿದ್ದವು.

"ಆದ್ರೆ ಒಂದು ಅನುಮಾನ," ಎಂದಳು ಹುಡುಗಿ. "ನೂರ ಹದಿನೇಳನೇ ಹಾಳೆ, ಫಿಟ್ಸ್ ಔಷಧಿದು. ಹನ್ನೊಂದು ಕಿಲೋ ಮಗುವಿಗೆ ಐದೂವರೆ ಮಿಲಿ. ಹದಿಮೂರು ಕಿಲೋಗೆ ಆರೂವರೆ. ನಡುವೆ ಹನ್ನೆರಡಕ್ಕೆ ಎಂಟು ಅಂತಿದೆ. ದೊಡ್ಡ ಸಿಸ್ಟರ್ ತಪ್ಪು ಬರೀತಾರಾ? ಇಲ್ಲ ನನ್ನ ಕಣ್ಣೇ ಹೋಯ್ತಾ?"

"ಯಾವ ಮಗುವಿಗಾದ್ರೂ ಕೊಟ್ಯಾ?"

"ಇಲ್ಲಪ್ಪ. ಸುಮ್ನೆ ಪಟ್ಟಿ ಎಷ್ಟು ಬೇಗ ತೆರೆಯುತ್ತೆ ಅಂತ ಆಟ ಆಡ್ತಾ ಇದ್ದೆ."

ಇಸ್ತ್ರಿಯಕ್ಕ ತಾನೂ ಆ ಹಾಳೆ ತೆರೆದಳು. ಎಂಟೇ. ಮಸುಕಿಲ್ಲ, ಮಬ್ಬಿಲ್ಲ, ಅಚ್ಚಿನಿಂದ ಈಗಷ್ಟೇ ಇಳಿದಂತೆ ಥಳಥಳ ಎಂಟು.

ಏನಾಗಿದೆ ಎಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಟೈಪು ಮಾಡಿದ ಹಾಳೆಗಳನ್ನು ಕುಗ್ಗಿಸಲು ಅವಳು ಆರಿಸಿದ್ದ ವಿಧಾನ ಬಲು ಜಾಣ. ಒಂದೇ ಥರ ಕಾಣುವ ಗುರುತುಗಳನ್ನೆಲ್ಲ ಅದು ಒಂದು ಗುಂಪು ಮಾಡುತ್ತದೆ. ಒಂದರ ಚಿತ್ರವನ್ನಷ್ಟೇ ಇಟ್ಟುಕೊಂಡು, ಉಳಿದ ಕಡೆ "ಇಲ್ಲೂ ಅದನ್ನೇ ಹಾಕು" ಎಂದು ಬರೆದಿಡುತ್ತದೆ. ನೂರು ಎಂಟುಗಳ ಬದಲು ಒಂದು ಎಂಟು. ಜಾಗ ಉಳಿಯುವ ಗುಟ್ಟೇ ಅದು. ಆದರೆ ಮಸಿ ಹತ್ತಿದ ಒಂದು ಆರು ಎಂಟಿನಂತೆ ಕಂಡರೆ, ಯಂತ್ರ ಅದನ್ನೂ ಎಂಟರ ಗುಂಪಿಗೆ ತಳ್ಳಿ, ಅದರ ಜಾಗದಲ್ಲಿ ಚೊಕ್ಕ ಎಂಟನ್ನು ಕೂರಿಸಿಬಿಡುತ್ತದೆ. ಮಸುಕಾಗಿದ್ದರೆ ಓದುವವರಿಗೆ ಅನುಮಾನವಾದರೂ ಬರುತ್ತಿತ್ತು. ಕುಗ್ಗಿಸಿದ ಮೇಲೆ ಅವಳೂ ಹತ್ತು ಹಾಳೆ ತೆರೆದು ನೋಡಿದ್ದಳು. ಸ್ಪಷ್ಟವಾಗಿದೆಯೇ ಎಂದು ನೋಡಿದ್ದಳು. ಸರಿಯಾಗಿದೆಯೇ ಎಂದು ನೋಡಿರಲಿಲ್ಲ.

"ಗಡಿಬಿಡಿ, ಹಳೇ ಸ್ಕ್ಯಾನುಗಳು ಬ್ಯಾಕಪ್ಪಲ್ಲಿ ಇವೆಯಾ?"

"ಏಳು ದಿನದ್ದು ಇರುತ್ತೆ ಅಕ್ಕ."

"ಇವತ್ತಿಗೆ ಎಂಟು."

ಅವನು ಕುರ್ಚಿ ತಿರುಗಿಸಿ ನೋಡಿದ. ಹಳೆಯದರ ಮೇಲೆ ಹೊಸದು ಕೂತು ನಿನ್ನೆಗೇ ಎಲ್ಲ ಅಳಿಸಿಹೋಗಿತ್ತು. "ಊರೆಲ್ಲ ಕೊಳ್ಳೆ ಹೋದ ಮೇಲೆ..." ಎಂದು ಶುರುಮಾಡಿದವನು ಅವಳ ಮುಖ ನೋಡಿ ಗಾದೆಯನ್ನು ಅರ್ಧಕ್ಕೇ ನುಂಗಿದ.

ಅವಳು ಮೊದಲು ಪಟ್ಟಿಯನ್ನು ವೆಬ್‌ಸೈಟಿನಿಂದ ತೆಗೆದಳು. ಆ ಜಾಗದಲ್ಲಿ "ಈ ಹಾಳೆಗಳಲ್ಲಿ ತಪ್ಪಿದೆ, ಬಳಸಬೇಡಿ, ಈ ನಂಬರಿಗೆ ಫೋನ್ ಮಾಡಿ" ಎಂದು ಬರೆದು ಹಾಕಿದಳು. ಕೈ ತೆಗೆಯುವಷ್ಟರಲ್ಲಿ ಇನ್ನೊಂದು ನೆನಪಾಯಿತು. ನರ್ಸ್‌ಗಳಿಗೆ ಇನ್ನಷ್ಟು ಅನುಕೂಲವಾಗಲಿ ಎಂದು, ಒಮ್ಮೆ ತೆರೆದ ಹಾಳೆಯ ಪ್ರತಿ ಅವರ ಮೊಬೈಲಿನಲ್ಲೇ ತಿಂಗಳು ಕಾಲ ಉಳಿಯುವಂತೆ ಅವಳೇ ಮಾಡಿದ್ದಳು. ಇಲ್ಲಿ ಅಳಿಸಿದರೂ ಅಲ್ಲಿ ಅಳಿಯದು.

ಪ್ರತಿ ಕೇಂದ್ರಕ್ಕೂ ಬೇರೆ ಬೇರೆ ಲಾಗಿನ್ ಇತ್ತು. ಯಾರು ಯಾವ ಹಾಳೆ ತೆರೆದರು ಎಂಬುದು ಸರ್ವರಿನಲ್ಲಿ ದಾಖಲಾಗುತ್ತಿತ್ತು. ನೂರ ಹದಿನೇಳನೆಯ ಹಾಳೆಯನ್ನು ಈ ಎಂಟು ದಿನದಲ್ಲಿ ತೆರೆದವರು ಮೂವರು. ಅಕ್ಕನ ಮಗಳು. ಬಂದರಿನ ಕೇಂದ್ರ. ನಿನ್ನೆ ಸಂಜೆ ಆರು ಗಂಟೆ ಹತ್ತು ನಿಮಿಷಕ್ಕೆ ಕಣಿವೆಯ ಕೇಂದ್ರ.

ಬಂದರಿನವರು ಮೊದಲ ರಿಂಗಿಗೇ ಎತ್ತಿದರು. ಹೊಸಬರಿಗೆ ಕಲಿಸಲೆಂದು ತೆರೆದದ್ದಂತೆ. ಕಣಿವೆಯ ನಂಬರ್ ಸ್ವಿಚ್ ಆಫ್. ಮತ್ತೆ ಒತ್ತಿದಳು. ಸ್ವಿಚ್ ಆಫ್.

ಕಾಲು ಸುಟ್ಟ ಬೆಕ್ಕಿನ ಹಾಗೆ ಅವಳು ಕಿಟಕಿಗೂ ಬಾಗಿಲಿಗೂ ಓಡಾಡಿದಳು. ಔಷಧಿಯ ಹಾಳೆಯನ್ನು ಸಂಜೆ ಆರಕ್ಕೆ ಸುಮ್ಮನೆ ಯಾರು ತೆರೆಯುತ್ತಾರೆ? ಮಗು ಎದುರಿಗೆ ಮಲಗಿದ್ದಾಗ ತೆರೆಯುತ್ತಾರೆ. ತಮಗೆ ಬೇಕಾದ ಒಂದೇ ಸಾಲು ನೋಡುತ್ತಾರೆ, ಮೇಲಿನ ಕೆಳಗಿನ ಸಾಲು ಯಾರಿಗೆ ಬೇಕು?

"ಅಕ್ಕ, ನೀವಿಲ್ಲಿ ನೆಲ ಸವೆಸಿದ್ರೆ ಕೆಳಗೆ ಸೈಕಲ್ ಅಂಗಡಿಯವನ ತಲೆ ಮೇಲೆ ಬೀಳ್ತೀರಿ," ಎಂದ ಗಡಿಬಿಡಿ. ಅಷ್ಟರಲ್ಲಾಗಲೇ ಅವನು ನಲವತ್ತಮೂರು ಕೇಂದ್ರಗಳ ನಂಬರುಗಳನ್ನು ಹಾಳೆಯ ಮೇಲೆ ಇಳಿಸಿಕೊಂಡಿದ್ದ. "ಎಲ್ಲರಿಗೂ ನಾನು ಫೋನ್ ಮಾಡ್ತೀನಿ. ಯಾವ ಹಾಳೆನೂ ನಂಬಬೇಡಿ ಅಂತೀನಿ. ಐದೈದು ನಿಮಿಷಕ್ಕೆ ಕಣಿವೆಗೂ ಹಚ್ತೀನಿ. ನೀವು ದೊಡ್ಡ ಸಿಸ್ಟರ್ ಮನೆಗೆ ಹೋಗಿ. ಕಾಗದದ ಮೂಲ ಇದ್ರೆ ಅವರ ಹತ್ರನೇ ಇರಬೇಕು."

"ಫೋನಲ್ಲೇ ಕೇಳಿದ್ರೆ?"

"ಫೋನಲ್ಲಿ ಬೈಸ್ಕೊಂಡ್ರೆ ಬರೀ ಬೈಗುಳ ಸಿಗುತ್ತೆ. ಎದುರಿಗೆ ಹೋದ್ರೆ ಕಾಗದನೂ ಸಿಗುತ್ತೆ."

ಲ್ಯಾಪ್‌ಟಾಪನ್ನೂ ಕೈಸ್ಕ್ಯಾನರನ್ನೂ ಚೀಲಕ್ಕೆ ತುರುಕಿ ಅವಳು ಬಸ್ಸು ಹತ್ತಿದಳು. ಮುಳ್ಳಿನ ಮೇಲೆ ಕೂತಂತೆ ಸೀಟಿನ ಅಂಚಿನಲ್ಲಿ ಕೂತಿದ್ದಳು. ಬಸ್ಸು ಪ್ರತಿ ಸಿಗ್ನಲ್ಲಿನಲ್ಲೂ ನಿಂತಿತು. ಪಕ್ಕದ ಹೆಂಗಸು, "ಇಳಿಯೋದು ದೂರ ಇದ್ರೆ ಹಿಂದಕ್ಕೆ ಒರಗ್ಕೊಳಿ, ನೀವು ತಳ್ಳಿದ್ರೆ ಬಸ್ಸೇನೂ ಬೇಗ ಹೋಗಲ್ಲ" ಎಂದು ನಕ್ಕು, ಅವಳ ಮಡಿಲಿನಿಂದ ಜಾರುತ್ತಿದ್ದ ಚೀಲವನ್ನು ತಾನೇ ಹಿಡಿದುಕೊಂಡಳು. ಮೂರು ಸಲ ಗಡಿಬಿಡಿಗೆ ಫೋನ್ ಮಾಡಿದಳು. ಮೂರು ಸಲವೂ ಕಣಿವೆ ಸ್ವಿಚ್ ಆಫ್.

ದೊಡ್ಡ ಸಿಸ್ಟರ್ ಮೂರನೆಯ ಮಹಡಿಯ ಒಂಟಿ ಕೋಣೆಯಲ್ಲಿದ್ದರು. ಎಂಬತ್ತರ ಹತ್ತಿರ ವಯಸ್ಸು, ಬೆನ್ನು ಮಾತ್ರ ಅಳತೆಗೋಲು. ಅವಳು ಬಾಗಿಲಲ್ಲೇ ನಿಂತು, ಉಸಿರು ಕಟ್ಟಿಕೊಂಡು ಎಲ್ಲ ಹೇಳಿಬಿಟ್ಟಳು. ಆರು, ಎಂಟು, ಬ್ಯಾಕಪ್ಪು, ಕಣಿವೆ. ಕೊನೆಗೆ, "ತಪ್ಪು ನನ್ನದು. ನಾನೇ ಮಾಡಿದ್ದು" ಎಂದು ಅಂಗೈಯಿಂದ ಕಣ್ಣೊರೆಸಿಕೊಂಡಳು.

"ಅಳೋದಾದ್ರೆ ಆಮೇಲೆ ಅಳು. ನನ್ನ ವಾರ್ಡಲ್ಲಿ ಡ್ಯೂಟಿ ಹೊತ್ತಿಗೆ ಅಳೋರಿಗೆ ಜಾಗ ಇರ್ಲಿಲ್ಲ," ಎಂದು ದೊಡ್ಡ ಸಿಸ್ಟರ್ ಒಳಗೆ ನಡೆದು ಗೋಡೆಗೆ ಅಂಟಿಸಿದ್ದ ಕಾಗದದ ಮೇಲೆ ಬೆರಳಾಡಿಸಿದರು. "ಕಣಿವೆ ಕೇಂದ್ರದ ಎದುರಿಗೆ ಒಂದು ಕ್ಷೌರದಂಗಡಿ ಇದೆ. ಆ ನರ್ಸ್ ಫೋನು ವಾರಕ್ಕೆ ಮೂರು ದಿನ ಸತ್ತಿರುತ್ತೆ, ಅದಕ್ಕೇ ಇವನ ನಂಬರ್ ಇಟ್ಕೊಂಡಿದ್ದೀನಿ."

ಕ್ಷೌರಿಕ ಎತ್ತಿದ. ಇವರು ಎರಡು ಮಾತು ಹೇಳುವುದರೊಳಗೆ ಆ ಕಡೆಯಿಂದ, "ಅರ್ಧ ಗಡ್ಡ ಬೋಳಿಸಿ ಗಿರಾಕಿನ ಕೂರಿಸಿ ಓಡ್ತಿದ್ದೀನಿ ಸಿಸ್ಟರ್, ಇಡಬೇಡಿ!" ಎಂಬ ಕೂಗು ಕೇಳಿಸಿತು. ಆಮೇಲೆ ಚಪ್ಪಲಿಯ ಪಟಪಟ, ಒಂದು ಬಾಗಿಲು, ಕೊನೆಗೆ ನರ್ಸಿನ ದನಿ.

ಹೌದು, ಮಗುವಿದೆ. ಎರಡೂವರೆ ವರ್ಷದ ಹುಡುಗಿ. ಹನ್ನೆರಡು ಕಿಲೋ. ನಿನ್ನೆ ಸಂಜೆ ಎಂಟು ಮಿಲಿ, ಇವತ್ತು ಬೆಳಗ್ಗೆ ಎಂಟು ಮಿಲಿ. "ಫಿಟ್ಸ್ ನಿಂತಿದೆ ಸಿಸ್ಟರ್. ಬೆಳಗ್ಗೆಯಿಂದ ಹಾಯಾಗಿ ಮಲಗಿದ್ದಾಳೆ. ಅವರಮ್ಮ ನನ್ನ ಕಾಲು ಮುಟ್ಟೋಕೆ ಬಂದಿದ್ರು."

ಇಸ್ತ್ರಿಯಕ್ಕ ಚೀಲದಿಂದ ಲ್ಯಾಪ್‌ಟಾಪು ತೆಗೆದು ನೆಲದ ಮೇಲೆ ತೆರೆದಿಟ್ಟಳು.

ದೊಡ್ಡ ಸಿಸ್ಟರ್ ದನಿ ಏರಲಿಲ್ಲ. "ಹಾಯಾಗಿ ಮಲಗಿಲ್ಲ ಮಗಳೇ, ಔಷಧಿ ಹೆಚ್ಚಾಗಿ ಮಲಗಿದೆ. ಹೆದರಬೇಡ. ನಿನ್ನ ತಪ್ಪಲ್ಲ, ಪಟ್ಟಿ ತಪ್ಪಿತ್ತು. ಒಂದು ಪಕ್ಕಕ್ಕೆ ಮಲಗಿಸು. ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಉಸಿರು ಎಣಿಸು. ನಾನು ಕಾಯ್ತೀನಿ." ಒಂದು ನಿಮಿಷ ಅವರೂ ಗಡಿಯಾರ ನೋಡಿದರು, ಆ ಕಡೆಯಿಂದ ಎಣಿಕೆ ಬಂತು. "ಸರಿ. ಸಾಕಷ್ಟಿದೆ. ಮುಂದಿನ ಡೋಸ್ ಬೇಡ. ಡಾಕ್ಟರನ್ನ ನಾನು ಕಳಿಸ್ತೀನಿ. ಕಾಲು ಕಾಲು ಗಂಟೆಗೆ ಉಸಿರೆಣಿಸಿ ಹೇಳು. ಆ ಕ್ಷೌರದಂಗಡಿ ಹುಡುಗನ ಫೋನು ನಿನ್ನ ಹತ್ರನೇ ಇಟ್ಕೋ."

ಆಮೇಲೆ ವೈದ್ಯರಿಗೆ ಫೋನ್ ಮಾಡಿದರು. ಅವರು ಕಣಿವೆಗೆ ನಾಲ್ಕು ಗಂಟೆಯ ದಾರಿ, ಈಗಲೇ ಹೊರಟೆ ಎಂದರು.

"ಈಗ ನಾವು ಏನು ಮಾಡ್ಬೇಕು?" ಎಂದಳು ಅವಳು.

"ಇನ್ನೊಂದು ಮಗು ಮಲಗದ ಹಾಗೆ ನೋಡ್ಕೋಬೇಕು." ದೊಡ್ಡ ಸಿಸ್ಟರ್ ಮಂಚದ ಕೆಳಗಿನಿಂದ ಟ್ರಂಕು ಎಳೆದರು. ನಾನೂರ ಹನ್ನೆರಡು ಹಾಳೆಗಳೂ ಅದರಲ್ಲಿ ದಾರ ಕಟ್ಟಿಕೊಂಡು ಕೂತಿದ್ದವು.

ಕೆಲಸ ಶುರುವಾಯಿತು. ಅವಳು ಲ್ಯಾಪ್‌ಟಾಪಿನಲ್ಲಿ ಕುಗ್ಗಿಸಿದ ಹಾಳೆಗಳನ್ನು ತೆರೆದು ಸಾಲು ಸಾಲಾಗಿ ಓದಿದಳು. ದೊಡ್ಡ ಸಿಸ್ಟರ್ ಕಾಗದದ ಮೇಲೆ ಬೆರಳಿಟ್ಟು "ಹೂಂ" "ಹೂಂ" ಎನ್ನುತ್ತ ಹೋದರು. ಮೂವತ್ತೊಂದನೆಯ ಹಾಳೆಯಲ್ಲಿ "ಹೂಂ" ನಿಂತಿತು. ಎಂಟಲ್ಲ, ಆರು. ಅವಳು ಗುರುತು ಹಾಕಿಕೊಂಡು, ಆ ಹಾಳೆಯನ್ನು ಯಾರಾದರೂ ತೆರೆದಿದ್ದರೇ ಎಂದು ದಾಖಲೆ ನೋಡಿದಳು. ಇಲ್ಲ. ಎಪ್ಪತ್ತಾರನೆಯದು. ಇಲ್ಲ. ನೂರ ನಾಲ್ಕನೆಯದನ್ನು ಒಬ್ಬರು ತೆರೆದಿದ್ದರು; ಗಡಿಬಿಡಿ ತಕ್ಷಣ ಹುಡುಕಿ ಹಿಡಿದ, ಅವರು ನೋಡಿದ್ದು ಬೇರೆ ಸಾಲು.

ಕಾಲು ಗಂಟೆಗೊಮ್ಮೆ ಫೋನು ಬಂತು. ಉಸಿರು ಇಷ್ಟು, ಮೈ ಬೆಚ್ಚಗಿದೆ, ಎದ್ದಿಲ್ಲ. ಪ್ರತಿ ಸಲವೂ "ಎದ್ದಿಲ್ಲ" ಎಂಬ ಮಾತು ಬಂದಾಗ ಅವಳು ಎದ್ದು ಬಾಗಿಲವರೆಗೆ ಹೋಗಿ ಮರಳುತ್ತಿದ್ದಳು. ಓದುತ್ತಿದ್ದ ಸಾಲು ಕೈತಪ್ಪುತ್ತಿತ್ತು. ದೊಡ್ಡ ಸಿಸ್ಟರ್ ಗದರಲಿಲ್ಲ. ಬೆರಳನ್ನು ಅದೇ ಸಾಲಿನ ಮೇಲಿಟ್ಟುಕೊಂಡು ಅವಳು ಬರುವವರೆಗೂ ಕಾಯುತ್ತಿದ್ದರು.

ನೂರ ಹದಿನೇಳು ಬಂತು. ದೊಡ್ಡ ಸಿಸ್ಟರ್ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದರು. "ನೋಡಿಲ್ಲಿ. ಆರರ ಬಾಯಿ ಮಸಿ ತುಂಬಿ ಮುಚ್ಚಿಹೋಗಿದೆ. ಟೈಪ್‌ರೈಟರಿನ ಆ ಅಚ್ಚಿಗೆ ಸೂಜಿ ಹಾಕಿ ಕೆರೀಬೇಕಿತ್ತು. ನಾಳೆ ಮಾಡೋಣ, ನಾಳೆ ಮಾಡೋಣ ಅಂತ ಎಷ್ಟು ಹಾಳೆ ಕುಟ್ಟಿದೆನೋ. ನಾನೇ ಬರೆದಿದ್ದು, ನನಗೆ ಅದು ಆರು ಅಂತ ಗೊತ್ತು. ಬೇರೆಯವರಿಗೆ ಹೇಗೆ ಗೊತ್ತಾಗ್ಬೇಕು ಅಂತ ಯೋಚಿಸ್ಲೇ ಇಲ್ಲ."

"ನನ್ನ ತಪ್ಪಲ್ಲಿ ನೀವು ಪಾಲು ಕೇಳ್ಬೇಡಿ ಸಿಸ್ಟರ್."

"ಕೇಳ್ತಿಲ್ಲ ಕಣೇ. ಇರೋದನ್ನ ಹೇಳ್ತಿದ್ದೀನಿ."

ಅವಳು ತಲೆ ತಗ್ಗಿಸಿದಳು. "ಇನ್ನು ಮೇಲೆ ಈ ಕುಗ್ಗಿಸೋ ಸಹವಾಸವೇ ಬೇಡ. ಡಿಸ್ಕ್ ತುಂಬಿ ಬಿರಿದ್ರೂ ಸರಿ, ನಿಧಾನ ಆದ್ರೂ ಸರಿ, ಹಾಳೆ ಹೇಗಿದೆಯೋ ಹಾಗೇ ಇಡ್ತೀನಿ."

ದೊಡ್ಡ ಸಿಸ್ಟರ್ ಆಗ ಮಾತ್ರ ಸಿಡುಕಿದರು. "ಬುದ್ಧಿ ಎಲ್ಲಿಟ್ಟೆ? ಮಗು ಕಣ್ಣು ಮೇಲೆ ಮಾಡಿ ಸೆಟೆದು ಬಿದ್ದಿರೋವಾಗ ಒಂದು ನಿಮಿಷ ಅಂದ್ರೆ ಎಷ್ಟು ಉದ್ದ ಅಂತ ಗೊತ್ತಾ ನಿನಗೆ? ಒಂದ್ಸಲ ನನ್ನ ಕಣ್ಣೆದುರಿಗೇ ಒಬ್ಬ ನರ್ಸು, ಹಾಳೆ ತೆರೀತಾ ಇಲ್ಲ ಅಂತ ಮೊಬೈಲನ್ನ ಎತ್ತಿ ಹಿಡಿದು ಅಂಗಳದ ತುಂಬ ಓಡಾಡಿದ್ಳು. ಬೇಗನೂ ಬರ್ಬೇಕು, ಸರಿಯಾಗೂ ಬರ್ಬೇಕು. ಅದು ಆಗೋದೇ ಇಲ್ವಾ?"

"ಆಗುತ್ತೆ," ಎಂದಳು ಅವಳು. "ಬಿಚ್ಚಿದಾಗ ಒಂದು ಚುಕ್ಕೆಯೂ ಆಚೀಚೆ ಆಗದ ಹಾಗೆ ಮಡಚೋ ವಿಧಾನ ಇದೆ. ಬರಹಗಳನ್ನೆಲ್ಲ ನಾವು ಹಾಗೇ ಕಳಿಸೋದು. ಹಾಳೆ ಇಷ್ಟು ಪುಟ್ಟದಾಗಲ್ಲ. ಮೊದಲಿದ್ದದ್ದರ ಎಂಟನೇ ಒಂದು ಪಾಲು ಆಗಬಹುದು. ತೆರೆಯೋಕೆ ಎಂಟು ಹತ್ತು ಸೆಕೆಂಡ್ ಹಿಡಿಯುತ್ತೆ."

"ಹತ್ತು ಸೆಕೆಂಡ್ ನಾವು ಕಾಯ್ತೀವಿ. ಯಂತ್ರಕ್ಕೆ ಊಹೆ ಮಾಡೋ ಅಧಿಕಾರ ಯಾಕೆ ಕೊಟ್ಟೆ? ನಾನು ಟ್ರೈನಿ ನರ್ಸಿಗೇ ಕೊಡ್ತಿರಲಿಲ್ಲ. ಓದು, ನೂರ ಹದಿನೆಂಟು."

ಓದಿದಳು. ಮಧ್ಯಾಹ್ನ ಜಾರಿತು. ಗಡಿಬಿಡಿ ನಲವತ್ತಮೂರೂ ಕೇಂದ್ರ ಮುಗಿಸಿ, ದನಿ ಹೋಗಿ, ಕಪ್ಪೆಯಂತೆ ವಟಗುಟ್ಟುತ್ತ ವರದಿ ಕೊಟ್ಟ. ಮೊಬೈಲಿನಲ್ಲಿ ಉಳಿದ ಪ್ರತಿ ಅಳಿಸುವುದು ಹೇಗೆಂದು ಒಬ್ಬೊಬ್ಬರಿಗೂ ಬಿಡಿಸಿ ಬಿಡಿಸಿ ಹೇಳಿದ್ದನಂತೆ. "ಒಬ್ಬರು ಪಟ್ಟಿ ಬದಲು ಮೊಮ್ಮಗನ ಫೋಟೋ ಎಲ್ಲ ಅಳಿಸ್ಕೊಂಡ್ರು ಅಕ್ಕ. ಅದನ್ನೂ ವಾಪಸ್ ತೆಗೆದುಕೊಟ್ಟೆ." ಇಡುವ ಮುಂಚೆ ತಡವರಿಸಿದ. "ಕಣಿವೆ ಹೇಗಿದೆ?"

"ಎದ್ದಿಲ್ಲ."

"ಏಳ್ತಾಳೆ," ಎಂದ. ಅವನ ಬಾಯಿಂದ ತಮಾಷೆಯಿಲ್ಲದ ಮಾತು ಬಂದದ್ದು ಅವಳನ್ನು ಇನ್ನಷ್ಟು ಹೆದರಿಸಿತು.

ಇನ್ನೂರ ಅರವತ್ತು ಹಾಳೆ ಮುಗಿಯುವಾಗ ಒಂಬತ್ತು ತಪ್ಪು ಸಿಕ್ಕಿದ್ದವು. ಮೂರೂಕಾಲಿಗೆ ಬರಬೇಕಿದ್ದ ಫೋನು ಬರಲಿಲ್ಲ. ಮೂರು ಇಪ್ಪತ್ತು. ಅವಳ ಓದು ನಿಂತಿತು. ದೊಡ್ಡ ಸಿಸ್ಟರ್ ಬೆರಳು ಕಾಗದದ ಮೇಲೇ ಇತ್ತು, ಆದರೆ ಈ ಸಲ ಅವರ ಕಣ್ಣು ಫೋನಿನ ಮೇಲಿತ್ತು. ಮೂರು ಇಪ್ಪತ್ತೈದು. ಇವರೇ ಹಚ್ಚಿದರು, ಬ್ಯುಸಿ. ಮತ್ತೆ ಹಚ್ಚಿದರು, ಬ್ಯುಸಿ. ಅವಳು ಬಾಗಿಲವರೆಗೆ ಹೋದಳು, ಬಂದಳು, ಹೋದಳು.

ಮೂರೂವರೆಗೆ ಫೋನು ಹೊಡೆದುಕೊಂಡಿತು. ಎತ್ತುತ್ತಲೇ ಕಿವಿಗೆ ಬಡಿದದ್ದು ಮಾತಲ್ಲ, ಅಳು. ಗಂಟಲು ಹರಿದುಕೊಂಡು, ರಚ್ಚೆ ಹಿಡಿದು ಕಿರಿಚುವ ಎಳೆಯ ಅಳು.

"ಕೇಳಿಸ್ತಾ ಸಿಸ್ಟರ್?" ನರ್ಸ್ ನಗುತ್ತಿದ್ದಳೋ ಅಳುತ್ತಿದ್ದಳೋ. "ಡಾಕ್ಟರ್ ಬಂದು ಕಣ್ಣಿಗೆ ಬೆಳಕು ಬಿಟ್ರು, ಅವರ ಕೈಗೆ ಹೊಡೆದ್ಲು! ಎದ್ದು ಕೂತಿದ್ದಾಳೆ. ತೂಕಡಿಸ್ತಾಳೆ, ಆದ್ರೆ ಅಮ್ಮನ್ನ ಗುರುತು ಹಿಡಿದ್ಲು. ರಾತ್ರಿ ಇಲ್ಲೇ ಇರಿಸ್ಕೊಂಡು ನೋಡೋಣ ಅಂದ್ರು. ಕ್ಷೌರದಂಗಡಿಯವನು ಫೋನು ತಗೊಂಡು ಊರಿಗೆಲ್ಲ ಸುದ್ದಿ ಹೇಳ್ತಿದ್ದ, ಅದಕ್ಕೇ ತಡ."

ದೊಡ್ಡ ಸಿಸ್ಟರ್ ಇನ್ನೆರಡು ಪ್ರಶ್ನೆ ಕೇಳಿ, ಉತ್ತರ ಬರೆದುಕೊಂಡು, ಫೋನು ಇಟ್ಟರು. ಇಸ್ತ್ರಿಯಕ್ಕ ನೆಲದ ಮೇಲೆ ಕೂತಿದ್ದಳು. ಲ್ಯಾಪ್‌ಟಾಪನ್ನು ತೊಡೆಯ ಮೇಲೆಳೆದುಕೊಂಡಳು. ಈಗ ಅಳಬಹುದಿತ್ತು; ಕಣ್ಣೀರೇ ಬರಲಿಲ್ಲ. ಒಳಗಿನ ಓಡಾಟ ಮಾತ್ರ ಇನ್ನೂ ನಿಂತಿರಲಿಲ್ಲ. ನೂರೈವತ್ತು ಹಾಳೆ ಉಳಿದಿತ್ತು. ಅದಾದ ಮೇಲೆ ಎಲ್ಲವನ್ನೂ ಹೊಸದಾಗಿ ಸ್ಕ್ಯಾನ್ ಮಾಡಬೇಕು, ಒಂದೊಂದನ್ನೂ ಬಿಚ್ಚಿ ಮೂಲದೊಂದಿಗೆ ಹೋಲಿಸಬೇಕು.

"ಇನ್ನೂರ ಅರವತ್ತೊಂದು," ಎಂದು ಅವಳು ಪರದೆ ನೋಡಿದಳು. ಅಕ್ಷರಗಳು ಈಜಿದವು.

ದೊಡ್ಡ ಸಿಸ್ಟರ್ "ಹೂಂ" ಎನ್ನಲಿಲ್ಲ. ಎದ್ದು ಮೂಲೆಯ ಒಲೆಯ ಕಡೆಗೆ ಹೋದರು. ಒಬ್ಬರಿಗಾಗುವಷ್ಟೇ ಪಾತ್ರೆ, ಒಂದೇ ತಟ್ಟೆ. ಬೆಳಗ್ಗೆ ಮಾಡಿಟ್ಟಿದ್ದ ಅನ್ನವನ್ನು ಬಿಸಿಮಾಡಿದರು, ಪಲ್ಯವನ್ನು ಪಕ್ಕಕ್ಕೆ ಬಡಿಸಿದರು, ಪಾತ್ರೆಯನ್ನು ಚಮಚದಿಂದ ಪೂರ್ತಿ ಗೋರಿದರು. ಅವಳ ತೊಡೆಯ ಮೇಲಿದ್ದ ಲ್ಯಾಪ್‌ಟಾಪನ್ನು ಮೆಲ್ಲನೆ ಎತ್ತಿ ಮಂಚದ ಮೇಲಿಟ್ಟು, ಆ ಜಾಗದಲ್ಲಿ ತಟ್ಟೆ ಇಟ್ಟರು. ಕನ್ನಡಕ ಸರಿಮಾಡಿಕೊಂಡು, ಮುಂದಿನ ಹಾಳೆಯನ್ನು ಎತ್ತಿಕೊಂಡರು.